ಜಪಾನಿಗೆ ಹೊರಡುವ ವೈದ್ಯರ ಮನೆಯವರಿಗೆ

ಟೋಕಿಯೊದ ಅಕಿಹಬಾರಾದಿಂದ ರೈಲಿನಲ್ಲಿ ಸುಮಾರು ಅರ್ಧ ತಾಸು ಸಾಗಿದರೆ ಕಾಶಿವಾ. ಟೋಕಿಯೊ ವಿಶ್ವವಿದ್ಯಾಲಯದ ಸಂಶೋಧನಾ ಆವರಣವೂ 1992ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಯಾನ್ಸರ್ ಕೇಂದ್ರದ ಪೂರ್ವ ಆಸ್ಪತ್ರೆಯೂ ಅಲ್ಲಿ ಹತ್ತಿರದಲ್ಲೇ ಇವೆ. ವೈದ್ಯಕೀಯದ ಜತೆಗೆ ಸಂಶೋಧನೆಯನ್ನೂ ಬಯಸುವ ನಮ್ಮ ಮಕ್ಕಳಿಗೆ ಆ ಊರು ಆಕರ್ಷಣೆಯಾಗುವುದು ಸಹಜ.

ಆದರೆ ಮನೆಯವರಿಗೆ ಲೆಕ್ಕ ಗೊತ್ತಿರಬೇಕು. ಜಪಾನಿನಲ್ಲಿ ವೈದ್ಯ ಪದವಿಗೆ 6 ವರ್ಷ, ಅದರ ಮೇಲೆ ವೈದ್ಯಕೀಯ ಡಾಕ್ಟರೇಟಿಗೆ ಸಾಮಾನ್ಯವಾಗಿ 4 ವರ್ಷ. ಇಲ್ಲಿ ಎಂಬಿಬಿಎಸ್ ಮುಗಿಸಿ ಹೋದವರು ಡಾಕ್ಟರೇಟ್ ಪಡೆದ ಮಾತ್ರಕ್ಕೆ ಅಲ್ಲಿ ರೋಗಿಗಳಿಗೆ ಚಿಕಿತ್ಸೆ ನೀಡುವಂತಿಲ್ಲ. ಜಪಾನಿ ಭಾಷೆಯಲ್ಲೇ ರಾಷ್ಟ್ರೀಯ ಪರೀಕ್ಷೆ ಪಾಸಾಗಬೇಕು. ಊರಿಗೆ ಮರಳಿದರೂ ಆ ಪದವಿ ನಮ್ಮ ಎಂ.ಡಿ.ಗೆ ಸಮನಲ್ಲ.

ಇದನ್ನು ತಿಳಿಯದೆ ಕಳುಹಿಸಿದರೆ ಮೂರನೇ ವರ್ಷಕ್ಕೆ ‘ಓದು ಇನ್ನೂ ಮುಗಿಯಲಿಲ್ಲವೇ?’ ಎಂಬ ಮಾತು ಶುರುವಾಗುತ್ತದೆ. ನಾವು ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿದಾಗ ಅಲ್ಲಿ ಹನ್ನೆರಡೂವರೆ. ಪ್ರಯೋಗ ಕೈಕೊಟ್ಟ ದಿನ ಆ ಪ್ರಶ್ನೆ ಹೇಗೆ ಚುಚ್ಚೀತೆಂದು ಯೋಚಿಸಬೇಕು.

ಸಂಶೋಧನೆಯೇ ಗುರಿಯಾಗಿದ್ದರೆ ಧೈರ್ಯವಾಗಿ ಕಳುಹಿಸಿ. ಕ್ಲಿನಿಕ್ ತೆರೆಯುವುದೇ ಗುರಿಯಾಗಿದ್ದರೆ ಇದು ಸುತ್ತುಬಳಸಿನ ದಾರಿ. ಎರಡರಲ್ಲಿ ಯಾವುದೆಂಬುದನ್ನು ವಿಮಾನ ಹತ್ತುವ ಮುನ್ನವೇ ಮನೆಯಲ್ಲಿ ಕೂತು ಮಾತಾಡಿಕೊಳ್ಳಿ ಎಂಬುದಷ್ಟೇ ನಮ್ಮ ಕೋರಿಕೆ.