ಹಟ್ಟಿಯ ಹಾಡು, ಹಟ್ಟಿಯ ಹೊರಗಿನ ಗುಡಿಸಲು

ಬೇರೆ ಜನರ ಸಂಸ್ಕೃತಿ ನೋಡಲು ನಮ್ಮವರು ಮಲೇಷ್ಯಾ, ತುರ್ಕಿಗೆ ಹೊರಡುತ್ತಾರೆ. ತಪ್ಪೇನಿಲ್ಲ. ಆದರೆ ತುಮಕೂರು ಜಿಲ್ಲೆಯ ಮಿಡಿಗೇಶಿ ಕೋಟೆ, ಶಿರಾದ ಮಲಿಕ್ ರಿಹಾನ್ ದರ್ಗಾ ನೋಡಿ ಬರುವವರೂ ಆ ಕಡೆಯ ಕಾಡುಗೊಲ್ಲರ ಹಟ್ಟಿಗೆ ಕಾಲಿಡುವುದು ಕಡಿಮೆ.

ಕುರಿ ಸಾಕುವ ಈ ಜನ ಗಣೆ ಎಂಬ ಬಿದಿರಿನ ಕೊಳಲು ಊದಿ ಜುಂಜಪ್ಪನ ಕಥೆ ಹಾಡುತ್ತಾರೆ. ಬಾಣಂತಿಯರನ್ನು ಊರ ಹೊರಗಿಡುವ ಪದ್ಧತಿಯೂ ಕೆಲವು ಹಟ್ಟಿಗಳಲ್ಲಿ ಉಂಟು. 2023ರ ಜುಲೈಯಲ್ಲಿ ತುಮಕೂರು ತಾಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯ ಹೊರಗಿನ ಗುಡಿಸಲಲ್ಲಿದ್ದ ಹಸುಗೂಸೊಂದು ಮಳೆ, ಚಳಿಗೆ ಸಿಕ್ಕಿ ತೀರಿಹೋಯಿತು.

ಹಾಡಿಗೆ ತಲೆದೂಗಿ, ಗುಡಿಸಲು ಕಂಡಾಗ ಕಣ್ಣು ಮುಚ್ಚಿದರೆ ಅದು ಬರೀ ಮೋಜು. ಗುಡಿಸಲು ತೋರಿಸಿ ‘ಇವರೆಲ್ಲ ಹೀಗೇ’ ಅಂದರೆ ಅದು ಅಹಂಕಾರ. ವರದಕ್ಷಿಣೆ ಕೊಡಲಾಗದೆ ಮದುವೆ ತಪ್ಪಿದ ಹೆಣ್ಣುಮಕ್ಕಳು ನಮ್ಮಲ್ಲಿ ಇಲ್ಲವಾ? ಹೋದಲ್ಲಿ ಎರಡನ್ನೂ ನೋಡಿ. ಮನೆಗೆ ಬಂದ ಮೇಲೆ ಮಕ್ಕಳಿಗೆ ಎರಡನ್ನೂ ಹೇಳಿ.