ಜೀಪಿನ ವಯಸ್ಸನ್ನು ಮಳೆಗಾಲಗಳಲ್ಲಿ ಎಣಿಸಬೇಕು

20 ವರ್ಷ ದಾಟಿದ ಲಘು ಮೋಟಾರು ವಾಹನಗಳ ನೋಂದಣಿ ನವೀಕರಣ ಶುಲ್ಕವನ್ನು ಕೇಂದ್ರ ಸರ್ಕಾರವು 2025ರ ಆಗಸ್ಟ್ ತಿಂಗಳಲ್ಲಿ 10,000 ರೂಪಾಯಿಗೆ ಏರಿಸಿತು. ಅಂದಿನಿಂದ ನಮ್ಮ ಮನೆಯ ಜೀಪಿನ ವಿಷಯದಲ್ಲಿ ನನಗೆ ಉಪದೇಶ ಮಾಡುವವರ ಸಂಖ್ಯೆಯೂ ಏರಿದೆ. ಬೆಂಗಳೂರಿನಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳು, “ಮಾಸ್ತರೇ, ಅದನ್ನು ಗುಜರಿಗೆ ಹಾಕಿ, ಒಂದು ಒಳ್ಳೆಯ ಕಾರು ತೆಗೆದುಕೊಳ್ಳಿ” ಎನ್ನುತ್ತಾರೆ. ತಮ್ಮನ ಮಗನಂತೂ ಗಿರಾಕಿಯನ್ನೇ ಗೊತ್ತು ಮಾಡಿಕೊಂಡು ಬಂದಿದ್ದ. “ದೊಡ್ಡಪ್ಪ, ಮೂವತ್ತೇಳು ವರ್ಷದ ಗಾಡಿಗೆ ಇನ್ನೇನು ಆಯುಷ್ಯ?” ಎಂಬುದು ಅವನ ಪ್ರಶ್ನೆ. ಫೋನಿನಲ್ಲಿ ಒಂದೇ ಉತ್ತರವನ್ನು ಹತ್ತು ಜನರಿಗೆ ಹೇಳುವುದಕ್ಕಿಂತ ಒಮ್ಮೆ ಬರೆದುಬಿಡುವುದು ಮೇಲೆಂದು ಇಲ್ಲಿ ಬರೆಯುತ್ತಿದ್ದೇನೆ.

ಈ ಜೀಪು 1988ರ ಮಹೀಂದ್ರಾ ಎಂ.ಎಂ. 540, ಪ್ಯೂಜೋ ಮೂಲದ 2.1 ಲೀಟರಿನ ಡೀಸೆಲ್ ಇಂಜಿನ್ನಿನದು. ನಾನು ಅದನ್ನು ಕೊಂಡದ್ದು ಎರಡನೆಯ ಕೈಯಿಂದ. ಇಡಗುಂದಿಯನ್ನು ಕಂಡವರಿಗೆ ಗೊತ್ತು, ಯಲ್ಲಾಪುರದಿಂದ ಅಂಕೋಲೆಗೆ ಹೋಗುವ ಹೆದ್ದಾರಿ ಅರಬೈಲು ಘಟ್ಟ ಇಳಿಯುವ ಮುನ್ನ ಸಿಗುವ ಊರು ನಮ್ಮದು. ಹೆದ್ದಾರಿ ಕನ್ನಡಿಯಂತಿರಬಹುದು, ಆದರೆ ನಮ್ಮ ಮನೆಗಳಿರುವುದು ಹೆದ್ದಾರಿಯ ಮೇಲಲ್ಲ, ಅದರಿಂದ ಕವಲೊಡೆದು ಬೆಟ್ಟ, ಹಳ್ಳ, ತೋಟಗಳ ನಡುವೆ ಇಳಿಯುವ ಮಣ್ಣುರಸ್ತೆಗಳ ಕೊನೆಯಲ್ಲಿ. ಅಲ್ಲಿಂದ ಅಡಿಕೆ ಮೇಲೆ ಬರಬೇಕು, ಗೊಬ್ಬರ ಕೆಳಗೆ ಹೋಗಬೇಕು, ಬೆಟ್ಟದಿಂದ ದರಕು ಬರಬೇಕು; ರಾತ್ರಿ ಹೊತ್ತಿನಲ್ಲಿ ಯಾರಿಗಾದರೂ ಎದೆನೋವು ಬಂದರೆ ಅವರೂ ಬರಬೇಕು. 2021ರ ಜುಲೈ ತಿಂಗಳಲ್ಲಿ ಅರಬೈಲು ಘಟ್ಟ ಕುಸಿದು, ಕಳಚೆಯಲ್ಲಿ ಗುಡ್ಡಗಳೇ ಜಾರಿ, ಗುಳ್ಳಾಪುರದ ಸೇತುವೆ ಗಂಗಾವಳಿಯ ಪಾಲಾದಾಗ ಆಂಬುಲೆನ್ಸಿಗಾಗಿ ಕಾಯುವ ಸ್ಥಿತಿ ಇರಲಿಲ್ಲ. ಆ ದಿನಗಳಲ್ಲಿ ಕೆಸರಿನಲ್ಲಿ ಚಲಿಸಬಲ್ಲ ಗಾಡಿ ಯಾರದ್ದಿತ್ತೋ ಅದು ಊರಿನ ಗಾಡಿಯಾಗಿತ್ತು.

ಹೀಗೆಂದು ಹಳೆಯದೆಲ್ಲ ಚಿನ್ನ ಎನ್ನುವ ಪೈಕಿಯವನು ನಾನಲ್ಲ. ನನ್ನ ತಕರಾರು ಬೇರೆ. ಕಾನೂನು ಗಾಡಿಯನ್ನು ವರ್ಷಗಳಿಂದ ಅಳೆಯುತ್ತದೆ. ಖಾಸಗಿ ವಾಹನಕ್ಕೆ 15 ವರ್ಷ, ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ; ಸರ್ಕಾರಿ ವಾಹನಗಳಾದರೆ 2023ರ ಏಪ್ರಿಲ್‌ನಿಂದ 15 ವರ್ಷಕ್ಕೇ ಮುಕ್ತಿ. ಗಾಡಿಯ ಒಡೆಯ ಕಿಲೋಮೀಟರಿನಿಂದ ಅಳೆಯುತ್ತಾನೆ. ನಮ್ಮ ಜೀಪು ವರ್ಷಕ್ಕೆ ಮೂರು ಸಾವಿರ ಕಿಲೋಮೀಟರ್ ಓಡಿದರೆ ಹೆಚ್ಚು. ಆ ಲೆಕ್ಕದಲ್ಲಿ ಅದರ ಆಯಿಲ್ ಬದಲಿಸುವ ಕಾಲ ಬರುವುದಕ್ಕೇ ಒಂದೂವರೆ ವರ್ಷ ಬೇಕು! ನಮ್ಮ ಸೀಮೆಗೆ ಈ ಎರಡು ಅಳತೆಗಳೂ ಸಲ್ಲವು. ಇಲ್ಲಿ ಎಣಿಸಬೇಕಾದದ್ದು ಮಳೆಗಾಲಗಳನ್ನು. ಒಂದು ಮಳೆಗಾಲ ಕಳೆಯಿತೆಂದರೆ ಆ ಗಾಡಿ ಎಷ್ಟೇ ಕಡಿಮೆ ಓಡಿರಲಿ, ಅದನ್ನು ಬಿಚ್ಚಿ ನೋಡಬೇಕು. ಮತ್ತೊಂದು ಬರುವ ಮೊದಲು ಅದನ್ನು ಸಜ್ಜು ಮಾಡಬೇಕು.

ಇದು ತೋಟಿಗರಿಗೆ ಹೊಸ ಮಾತಲ್ಲ. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ ಅಡಿಕೆಯ ಕೊಳೆರೋಗವನ್ನು ಕುರಿತು ತನ್ನ ಅಧ್ಯಯನವನ್ನು ಪ್ರಕಟಿಸಿದ್ದು 1910ರಲ್ಲಿ. ಅಂದಿನಿಂದ ಬೋರ್ಡೋ ದ್ರಾವಣ ನಮ್ಮ ಮನೆಮಾತಾಗಿದೆ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಕೊನೆಗೌಡನನ್ನು ಕಾಡಿ ಬೇಡಿ ಕರೆತಂದು ಮಳೆ ಹಿಡಿಯುವ ಮೊದಲು ಒಮ್ಮೆ, ನಲವತ್ತು ನಲವತ್ತೈದು ದಿನಕ್ಕೆ ಇನ್ನೊಮ್ಮೆ ಹೊಡೆಸುತ್ತೇವೆ. ಕಾಯಿ ಉದುರತೊಡಗಿದ ಮೇಲೆ ಔಷಧಿ ಹುಡುಕುವವನನ್ನು ಊರೇ ನಗುತ್ತದೆ. ಅದೇ ಊರು ಬ್ರೇಕು ಹೋದ ಮೇಲೆ ಮೆಕ್ಯಾನಿಕ್ಕನನ್ನು ಹುಡುಕುವವನನ್ನು ಕಂಡು ಮಾತ್ರ, “ಅವನ ನಸೀಬು” ಎನ್ನುತ್ತದೆ. ಯಾಕೆ ಹೀಗೆ?

ಮಳೆಗಾಲ ಗಾಡಿಗೆ ಏನು ಮಾಡುತ್ತದೆಂಬುದನ್ನು ಸ್ವಲ್ಪ ವಿವರಿಸಬೇಕು. ಘಟ್ಟ ಹತ್ತಿ ಬಂದ ಜೀಪಿನ ಹೌಸಿಂಗ್ ಬಿಸಿಯಾಗಿರುತ್ತದೆ. ಹಾಗೆಯೇ ಅದನ್ನು ತಣ್ಣನೆಯ ಹಳ್ಳಕ್ಕೆ ಇಳಿಸಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಕುಗ್ಗಿದ ಗಾಳಿಯ ಜಾಗ ತುಂಬಲು ಹೊರಗಿನಿಂದ ಗಾಳಿ ಬರಬೇಕು. ಅದಕ್ಕೆಂದೇ ಹೌಸಿಂಗಿನ ಮೇಲೆ ಬ್ರೀದರ್ ಎಂಬ ಪುಟ್ಟ ಕಿಂಡಿಯನ್ನು ಇಟ್ಟಿದ್ದಾರೆ. ಅದು ಕೆಸರಿನಿಂದ ಕಟ್ಟಿದ್ದರೆ ಆಯಿಲ್ ಸೀಲಿನ ಅಂಚಿನಿಂದ ನೀರೇ ಒಳಕ್ಕೆ ಎಳೆಯಲ್ಪಡುತ್ತದೆ. ಏಳನೆಯ ತರಗತಿಯಲ್ಲಿ ಬಿಸಿಮಾಡಿದ ಬಾಟಲಿಯ ಪ್ರಯೋಗವನ್ನು ನನ್ನೆದುರು ಮಾಡಿದವರೆಲ್ಲ ಇದನ್ನು ಒಪ್ಪಬೇಕು. ನೀರು ಸೇರಿದ ಗೇರ್ ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗುತ್ತದೆ. ಗಾಡಿ ಓಡುತ್ತಲೇ ಇರುತ್ತದೆ, ಯಾವ ಶಬ್ದವೂ ಬರುವುದಿಲ್ಲ. ಬೇರಿಂಗಿನ ಮೇಲೆ ತುಕ್ಕು ಕೂತು, ಬೇಸಿಗೆಯ ಹೊತ್ತಿಗೆ ಗುಂಯ್ ಎನ್ನುವ ದನಿ ಕೇಳಿದಾಗ, ಮುನ್ನೂರು ರೂಪಾಯಿಯ ಆಯಿಲ್ ಉಳಿಸಿದ್ದಕ್ಕೆ ಹತ್ತಾರು ಸಾವಿರ ತೆರಬೇಕಾಗುತ್ತದೆ. ಮುಂದಿನ ಚಕ್ರಗಳ ಒಳಗಿನ ದುಂಡನೆಯ ನಕಲ್ಲಿಗೂ ಇದೇ ಮಾತು. ಅದರ ಫೆಲ್ಟ್ ಸವೆದರೆ ಗ್ರೀಸಿನ ಜಾಗದಲ್ಲಿ ಕೆಸರು ತುಂಬುತ್ತದೆ.

ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ಜೀಪಿಗಾಗಿ 1944ರಲ್ಲಿ ಪ್ರಕಟಿಸಿದ ಕೈಪಿಡಿಯೊಂದಿದೆ, ಟಿ.ಎಂ. 9-803 ಎಂದು ಅದರ ಸಂಖ್ಯೆ. ಅದರಲ್ಲಿ ಚಾಲಕನ ಕೆಲಸವನ್ನು ಹೊರಡುವ ಮೊದಲು, ಓಡಿಸುವಾಗ, ನಿಲ್ಲಿಸಿದಾಗ, ದಿನದ ಕೊನೆಗೆ ಎಂದು ವಿಂಗಡಿಸಿ ಪುಟಗಟ್ಟಲೆ ಬರೆದಿದ್ದಾರೆ. ಗುಂಡಿನ ಸುರಿಮಳೆಯ ನಡುವೆ ಹೋಗುವ ಗಾಡಿಯ ನೋಡಿಕೊಳ್ಳುವಿಕೆಗೆ ಅಷ್ಟು ಶಿಸ್ತು ಸಾಧ್ಯವಾದರೆ, ಜಗಲಿಯ ಪಕ್ಕದಲ್ಲಿ ಮಲಗಿರುವ ಗಾಡಿಗೆ ವರ್ಷಕ್ಕೆ ಎರಡು ದಿನ ಕೊಡುವುದು ನಮಗೆ ಹೊರೆಯೇ?

ಬ್ರೇಕಿನ ವಿಷಯದಲ್ಲಿ ನನ್ನ ಮಾತು ಸ್ವಲ್ಪ ಕಟುವಾಗಬಹುದು, ಕ್ಷಮಿಸಿ. 2010ಕ್ಕೆ ಮೊದಲು ಬಳ್ಳಾರಿಯ ಅದಿರು ಹೊತ್ತ ಲಾರಿಗಳು ಬೇಲೆಕೇರಿಗೆ ಇಳಿಯುತ್ತಿದ್ದ ಕಾಲದಲ್ಲಿ ಘಟ್ಟದ ತಿರುವುಗಳಲ್ಲಿ ಸುಟ್ಟ ಲೈನರಿನ ವಾಸನೆ ಸದಾ ಇರುತ್ತಿತ್ತು. ನಮ್ಮ ಜೀಪುಗಳಿಗೂ ಅದೇ ಇಳಿಜಾರು. ನಾವು ಬ್ರೇಕ್ ಆಯಿಲ್ ಎಂದು ಕರೆಯುವುದು ವಾಸ್ತವವಾಗಿ ಎಣ್ಣೆಯಲ್ಲ. ಅದು ಗಾಳಿಯೊಳಗಿನ ತೇವವನ್ನು ಹೀರುವ ದ್ರವ. ಡಾಟ್ 3 ದರ್ಜೆಯ ಹೊಸ ದ್ರವ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು. ಅದಕ್ಕೆ ಸುಮಾರು ಶೇಕಡಾ 3.7ರಷ್ಟು ನೀರು ಸೇರಿದರೆ ಈ ಮಿತಿ 140ಕ್ಕೆ ಇಳಿಯುತ್ತದೆ. ಘಟ್ಟದಲ್ಲಿ ಬ್ರೇಕು ಒತ್ತಿಯೇ ಇಳಿಯುವವನ ಡ್ರಮ್ಮು ಕಾದು ದ್ರವ ಕುದಿದರೆ ಪೆಡಲು ನೆಲ ಮುಟ್ಟುತ್ತದೆ. ಅತಿ ಹಳೆಯ ಮಾದರಿಗಳಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಕೊಳವೆಜಾಲ. ಒಂದು ಚಕ್ರದ ರಬ್ಬರು ಹರಿದರೆ ನಾಲ್ಕೂ ಹೋದಂತೆ. ಕೆಲವು ವರ್ಷಗಳ ಹಿಂದೆ ನೆರೆಮನೆಯ ಜೀಪಿಗೆ ಹಾಗೆಯೇ ಆಯಿತು. ಒಳಗಿದ್ದವಳು ಹೆರಿಗೆಗೆ ಹೊರಟಿದ್ದ ಹುಡುಗಿ, ನನ್ನ ಕೈಯಲ್ಲಿ ಅಕ್ಷರ ತಿದ್ದಿದವಳು. ಗಾಡಿ ಎರಡನೆಯ ಗೇರಿನಲ್ಲಿದ್ದುದರಿಂದ ಧರೆಗೆ ಒರಗಿಸಿ ನಿಲ್ಲಿಸಲಾಯಿತು. ಮರುದಿನ ಬಿಚ್ಚಿದಾಗ ಸಿಕ್ಕಿದ್ದು ಮಸಿಯಂಥ ದ್ರವ ಮತ್ತು ಹೆಬ್ಬೆರಳಿನಷ್ಟು ದೊಡ್ಡ ಒಂದು ರಬ್ಬರ್ ಬಟ್ಟಲು. ಆ ಜೀಪಿಗೆ ಅದೇ ವರ್ಷ ಹೊಸ ಬಣ್ಣ ಹೊಡೆಸಿದ್ದರು, ಹೊಸ ಹುಡ್ ಹಾಕಿಸಿದ್ದರು.

ಓವರ್‌ಹಾಲ್ ಎಂಬ ಶಬ್ದವನ್ನೂ ನಮ್ಮವರು ಹಗುರಗೊಳಿಸಿದ್ದಾರೆ. ಇಂಜಿನ್ ಬಿಚ್ಚಿ ಹೊಸ ರಿಂಗು ತುರುಕಿ ಮುಚ್ಚಿದರೆ ಅದು ಓವರ್‌ಹಾಲ್ ಅಲ್ಲ. ಬೋರು ಅಂಡಾಕಾರಕ್ಕೆ ಸವೆದಿರುವಾಗ ದುಂಡನೆಯ ರಿಂಗು ಅಲ್ಲಿ ಏನು ಮಾಡೀತು? ಅಳತೆ ತೆಗೆಯಬೇಕು, ಬೇಕಾದರೆ ಬೋರು ಹೊಡೆಸಬೇಕು, ಕ್ರ್ಯಾಂಕ್ ಗ್ರೈಂಡ್ ಮಾಡಿಸಬೇಕು, ಅದಕ್ಕಾಗಿ ಹುಬ್ಬಳ್ಳಿಯ ತನಕ ಹೋಗಬೇಕಾದರೆ ಹೋಗಬೇಕು. ಹಾಗೆಯೇ, ಹೊಗೆ ಕಂಡಾಕ್ಷಣ ಇಂಜಿನ್ ಬಿಚ್ಚುವುದೂ ಮೂರ್ಖತನ. ಕಪ್ಪು ಹೊಗೆಯಾದರೆ ಮೊದಲು ಏರ್ ಕ್ಲೀನರನ್ನೂ ನಾಜಲ್ಲುಗಳನ್ನೂ ನೋಡಬೇಕು. ನೀಲಿ ಹೊಗೆ ಬಂದು, ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಅಲ್ಲಿಂದಲೂ ಹೊಗೆ ದಬದಬನೆ ಹೊರಟು, ಬಿಸಿಯಾದಾಗ ಆಯಿಲ್ ಒತ್ತಡ ಕುಸಿಯುತ್ತಿದ್ದರೆ ಆಗ ದೊಡ್ಡ ಕೆಲಸದ ಯೋಚನೆ. ಚಾಸಿಗೆ ಕರಿ ಆಯಿಲ್ ಬಳಿಯುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಅದು ರಬ್ಬರ್ ಬುಷ್ಷುಗಳನ್ನು ಹಾಳುಮಾಡುತ್ತದೆ, ಮಳೆಯಲ್ಲಿ ತೊಳೆದು ತೋಟದ ಕಾಲುವೆ ಸೇರುತ್ತದೆ. ತೊಳೆದು, ಒಣಗಿಸಿ, ತುಕ್ಕು ಉಜ್ಜಿ ಬಣ್ಣ ಕೊಡುವುದೇ ಸರಿ.

ಶುಲ್ಕ ಹೆಚ್ಚಾದದ್ದು ನನಗೂ ಭಾರವೇ. 2022ರ ಏಪ್ರಿಲ್ ತನಕ 600 ರೂಪಾಯಿ ಇದ್ದದ್ದು ಐದು ಸಾವಿರವಾಗಿ, ಈಗ ಹತ್ತಾಗಿದೆ. ಆದರೆ ಇದನ್ನೇ ನೆಪ ಮಾಡಿಕೊಂಡು ಕಾಗದಪತ್ರವಿಲ್ಲದೆ ಓಡಿಸುವವರ ಪರವಾಗಿ ನಾನು ನಿಲ್ಲಲಾರೆ. ಐದು ವರ್ಷಕ್ಕೊಮ್ಮೆ ಒಂದು ದಿನ ತಪಾಸಣೆಗೆ ಶೃಂಗಾರ ಮಾಡಿಕೊಂಡು ಹೋಗುವ ಗಾಡಿ ಉಳಿದ ದಿನಗಳಲ್ಲಿ ಹೇಗಿರುತ್ತದೆಂಬುದನ್ನು ಯಾವ ಶುಲ್ಕವೂ ತಿಳಿಸದು. ನನ್ನದೊಂದು ಸಲಹೆ ಇದೆ. ಮೇ ತಿಂಗಳಲ್ಲಿ ನಮ್ಮ ಸೇವಾ ಸಹಕಾರಿ ಸಂಘಗಳು ಸದಸ್ಯರಿಗಾಗಿ ಮೈಲುತುತ್ತ ತರಿಸುತ್ತವೆ. ಅದೇ ಹೊತ್ತಿಗೆ ಬ್ರೇಕ್ ಆಯಿಲ್, ಗೇರ್ ಆಯಿಲ್, ವೀಲ್ ಸಿಲಿಂಡರಿನ ರಬ್ಬರುಗಳನ್ನೂ ತರಿಸಲಿ. ಒಬ್ಬ ಅನುಭವಿ ಮೆಕ್ಯಾನಿಕ್ಕನನ್ನು ಎರಡು ದಿನ ಸಂಘದ ಅಂಗಳಕ್ಕೆ ಕರೆಸಲಿ. ಖರ್ಚನ್ನು ಗಾಡಿಯವರೇ ಕೊಡಲಿ. ಇಂಥ ದಿನಗಳಲ್ಲಿ ಪಕ್ಕದಲ್ಲಿ ನಿಂತು ಸ್ಪ್ಯಾನರ್ ಕೊಡುವ ಹುಡುಗರಿದ್ದರೆ ಈ ವಿದ್ಯೆಯೂ ಉಳಿಯುತ್ತದೆ. ಈಗ ಆ ಕೆಲಸ ಬಲ್ಲವರಲ್ಲಿ ಹೆಚ್ಚಿನವರಿಗೆ ನನ್ನದೇ ವಯಸ್ಸು.

ತಮ್ಮನ ಮಗನಿಗೆ ಒಂದು ಷರತ್ತು ಹಾಕಿದ್ದೇನೆ. ಈ ಬಾರಿ ಅವನೇ ನಾಲ್ಕೂ ಡ್ರಮ್ಮು ಬಿಚ್ಚಬೇಕು, ಹೌಸಿಂಗಿನ ಆಯಿಲ್ ಇಳಿಸಿ ಬಣ್ಣ ನೋಡಬೇಕು, ಚಾಸಿಯನ್ನು ಸುತ್ತಿಗೆಯಿಂದ ಬಡಿದು ದನಿ ಕೇಳಬೇಕು. ಚಾಸಿ ಕೊಳೆತಿದ್ದರೆ ಮಾರುವುದಕ್ಕೆ ನನ್ನ ಅಡ್ಡಿಯಿಲ್ಲ. ಅವನು ಒಪ್ಪಿದ್ದಾನೆ. ಬಲಗಡೆಯ ಕಿಂಗ್‌ಪಿನ್ ಬೇರಿಂಗಿನಲ್ಲಿ ಆಟ ಇದೆಯೆಂದು ನನಗೆ ಮೊದಲೇ ಅನುಮಾನ. ಆ ಸಾಮಾನನ್ನು ಹುಬ್ಬಳ್ಳಿಯಿಂದ ತರಿಸಿ ಇಟ್ಟಿದ್ದೇನೆ.