ಹೊಲಿಗೆಯಾದರೂ ಕಲೀಲಿ!

"ಮನೇಲಿ ಸುಮ್ಮನೆ ಕೂತು ಏನು ಮಾಡ್ತಾಳೆ, ಹೊಲಿಗೆಯಾದರೂ ಕಲೀಲಿ."

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಮಾರನೆಯ ದಿನದಿಂದ ನಮ್ಮ ಊರುಗಳ ಮನೆಮನೆಯಲ್ಲಿ ಕೇಳಿಬರುವ ಮಾತಿದು. ಹೊಲಿಗೆಯ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ನನ್ನ ಜಗಳವೆಲ್ಲ ಆ 'ಆದರೂ' ಎಂಬ ಮೂರಕ್ಷರದ ಜೊತೆಗೆ. "ಡಾಕ್ಟರಿಕೆಯಾದರೂ ಕಲೀಲಿ" ಎಂದು ಯಾರಾದರೂ ಅಂದದ್ದುಂಟೆ? ರಜೆಯಲ್ಲಿ ಬೀದಿ ಸುತ್ತುವ ಮಗನ ವಿಷಯದಲ್ಲಿ "ಹೊಲಿಗೆಯಾದರೂ ಕಲೀಲಿ" ಎಂದ ತಾಯಿಯನ್ನು ನಾನಂತೂ ಕಂಡಿಲ್ಲ. ಕಲಿಯುವ ಮೊದಲೇ ವಿದ್ಯೆಯ ಬೆಲೆಯನ್ನು ಇಳಿಸಿಬಿಡುವ ಜಾಣತನ ಆ ಮೂರಕ್ಷರದಲ್ಲಿದೆ.

ಅದೇ ಹುಡುಗಿ 'ಫ್ಯಾಷನ್ ಡಿಸೈನಿಂಗ್' ಕ್ಲಾಸಿಗೆ ಸೇರಲಿ, ಮನೆಯವರ ದನಿಯೇ ಬದಲಾಗುತ್ತದೆ. 'ಹೊಲಿಗೆ' ಎಂದಾಗ ಕೆಳಗಿದ್ದ ತಲೆ 'ಡಿಸೈನಿಂಗ್' ಎಂದಾಗ ಮೇಲೇಳುತ್ತದೆ. ಫೀಸು ಕೇಳಿದಷ್ಟು ಕಟ್ಟುತ್ತಾರೆ. ಸರಿ, ಅಲ್ಲಿ ಏನು ಕಲಿಸುತ್ತಾರೆ? ಒಳ್ಳೆಯ ಕಡೆ ಎಲ್ಲವನ್ನೂ ಕಲಿಸುತ್ತಾರೆ, ಇಲ್ಲವೆನ್ನುವುದಿಲ್ಲ. ಆದರೆ ಊರಿಗೊಂದರಂತೆ ಹುಟ್ಟಿಕೊಂಡ ಎಷ್ಟೋ ಕ್ಲಾಸುಗಳಲ್ಲಿ ತಿಂಗಳುಗಟ್ಟಲೆ ಚಿತ್ರ ಬರೆಸುವುದೇ ಪಾಠ. ಆ ಚಿತ್ರದ ಹುಡುಗಿಯನ್ನು ನೋಡಿದ್ದೀರಾ? ಸಾಮಾನ್ಯ ಮನುಷ್ಯರ ಎತ್ತರ ಅವರವರ ತಲೆಯ ಅಳತೆಯ ಸುಮಾರು ಏಳೂವರೆ ಪಾಲು. ಫ್ಯಾಷನ್ ಚಿತ್ರದವಳದು ಒಂಬತ್ತು, ಹತ್ತು ಪಾಲು! ಅಂಥ ಉದ್ದನೆಯವಳು ಭೂಮಿಯ ಮೇಲೆ ಇಲ್ಲ. ಅವಳಿಗಾಗಿ ಬರೆದ ತೋಳು ನಿಜವಾದ ಭುಜದ ಮೇಲೆ ಹೇಗೆ ಕೂರಬೇಕೆಂದು ಕೇಳಿದರೆ "ಅದು ಟೈಲರ್ ಕೆಲಸ" ಎಂಬ ಉತ್ತರ ಬರುತ್ತದೆ.

ಬರೆಯುವವಳು ದೊಡ್ಡವಳು, ಹೊಲಿಯುವವಳು ಚಿಕ್ಕವಳು ಎಂಬ ಈ ಪಂಕ್ತಿಭೇದ ನಮ್ಮ ಅಜ್ಜಿಯರಿಗೆ ಗೊತ್ತಿರಲಿಲ್ಲ. ದೆಹಲಿಯಲ್ಲಿ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ ಶುರುವಾದದ್ದು 1986ರಲ್ಲಿ. ಅದಕ್ಕೆ ಎಷ್ಟೋ ತಲೆಮಾರು ಮೊದಲೇ ಧಾರವಾಡದ ಕಡೆಯ ಹೆಂಗಸರು ಇಳಕಲ್ ಸೀರೆಯ ಮೇಲೆ ಗೋಪುರ, ತೇರು, ಆನೆ, ತುಳಸಿಕಟ್ಟೆಗಳನ್ನು ಕಸೂತಿಯಲ್ಲಿ ಮೂಡಿಸುತ್ತಿದ್ದರು. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸಿ ಸೂಜಿ ಹಾಕುವುದು. ಗಂಟು ಹಾಕುವಂತಿಲ್ಲ. ಗವಂತಿ ಹೊಲಿಗೆಯಲ್ಲಿ ಸೂಜಿ ಹೋದ ದಾರಿಯಲ್ಲೇ ತಿರುಗಿ ಬಂದು ಬಿಟ್ಟ ಜಾಗ ತುಂಬಬೇಕು. ಆಗಲೇ ಬಟ್ಟೆಯ ಎರಡೂ ಮಗ್ಗುಲು ಒಂದೇ ಥರ ಕಾಣುವುದು. ಆ ಹೆಂಗಸರಲ್ಲಿ ಡಿಸೈನರ್ ಯಾರು, ಟೈಲರ್ ಯಾರು? ಎಣಿಸುವ ಕಣ್ಣು, ಚುಚ್ಚುವ ಕೈ ಎರಡೂ ಒಬ್ಬಳವೇ. ಹದಿಹರೆಯದ ಮಕ್ಕಳಿಗೆ ಕಲಿಸಬೇಕಾದದ್ದು ಈ ಜೋಡಿಯನ್ನು.

"ಓದುವ ವಯಸ್ಸಿನಲ್ಲಿ ಸೂಜಿ ಯಾಕೆ?" ಎನ್ನುವವರಿದ್ದಾರೆ. ಹೊಲಿಗೆ ಓದಲ್ಲ ಎಂದು ಯಾರು ಹೇಳಿದರು? ಎದೆಸುತ್ತಳತೆ 34 ಇಂಚು. ಕಾಲುಭಾಗ ಎಂಟೂವರೆ. ಅದಕ್ಕೆ ಸಡಿಲಿಗೆ ಎಷ್ಟು ಸೇರಿಸಬೇಕು, ಹೊಲಿಗೆಯಂಚಿಗೆ ಎಷ್ಟು, ಮುಂದೆ ಬಿಚ್ಚಿ ಅಗಲ ಮಾಡಲು ಒಳಗೆ ಎಷ್ಟು ಉಳಿಸಬೇಕು? ಭಿನ್ನರಾಶಿ ಎಂದರೆ ಓಡುವ ಹುಡುಗಿಗೆ ಬ್ರೌನ್ ಪೇಪರಿನ ಮೇಲೆ ಇದನ್ನು ಮಾಡಿಸಿ ನೋಡಿ. ಚಪ್ಪಟೆ ಬಟ್ಟೆಯಲ್ಲಿ ಒಂದು ಡಾರ್ಟ್ ಹಿಡಿದರೆ ಅದು ಉಬ್ಬಿ ದೇಹದ ಆಕಾರಕ್ಕೆ ಬರುತ್ತದಲ್ಲ, ಅದು ರೇಖಾಗಣಿತವಲ್ಲದೆ ಇನ್ನೇನು? ಹತ್ತಿಯ ಅಸ್ತರನ್ನು ನೆನೆಸದೆ ಹೊಲಿದರೆ ಮೊದಲ ಒಗೆತಕ್ಕೇ ಅದು ಕುಗ್ಗಿ ಮೇಲಿನ ಬಟ್ಟೆ ಸುಕ್ಕುಗಟ್ಟುತ್ತದೆ, ಅಲ್ಲಿರುವುದು ವಿಜ್ಞಾನ. ಓರೆಯಾಗಿ ಕತ್ತರಿಸಿದ ಪಟ್ಟಿ ಕೊರಳಿನ ಗುಂಡಗೆ ಬಗ್ಗುತ್ತದೆ, ನೇರ ಪಟ್ಟಿ ಬಗ್ಗುವುದಿಲ್ಲ. ಏಕೆಂದು ಕೇಳುವ ಮೇಷ್ಟರು ಬೇಕು, ಅಷ್ಟೆ.

ಇದಕ್ಕಿಂತ ದೊಡ್ಡ ಪಾಠ ಇನ್ನೊಂದಿದೆ. ಹದಿನಾಲ್ಕು ಹದಿನೈದರ ಹುಡುಗಿ ಅಂಗಡಿಯಲ್ಲಿ ರೆಡಿಮೇಡ್ ಚೂಡಿದಾರ್ ಹಾಕಿ ನೋಡುತ್ತಾಳೆ. ಎದೆಗೆ ಬಿಗಿ, ಸೊಂಟಕ್ಕೆ ಸಡಿಲ. ಕನ್ನಡಿಯ ಮುಂದೆ ಅವಳಿಗೆ ಅನಿಸುವುದೇನು? "ನನ್ನ ಮೈಯೇ ಸರಿಯಿಲ್ಲ." ಊಟ ಬಿಡುತ್ತಾಳೆ, ಕೂನು ಹಾಕಿಕೊಂಡು ನಡೆಯುತ್ತಾಳೆ. ಅಳತೆ ಹಿಡಿಯಲು ಬಲ್ಲ ಹುಡುಗಿ ಹಾಗೆ ಹೇಳುವುದಿಲ್ಲ. "ಈ ಬಟ್ಟೆಯ ಕಟಿಂಗ್ ಸರಿಯಿಲ್ಲ" ಎನ್ನುತ್ತಾಳೆ. ಹತ್ತು ಗೆಳತಿಯರ ಅಳತೆ ಬರೆದುಕೊಂಡವಳಿಗೆ ಹತ್ತೂ ಬೇರೆಬೇರೆ ಎಂಬುದು ಟೇಪಿನಲ್ಲೇ ಗೊತ್ತಾಗುತ್ತದೆ. ಬಟ್ಟೆ ಮೈಗೆ ಹೊಂದಬೇಕು, ಮೈ ಬಟ್ಟೆಗಲ್ಲ. ಇಷ್ಟನ್ನು ಹುಡುಗಿಯ ಮನಸ್ಸಿಗೆ ಮುಟ್ಟಿಸುವ ಬೇರೆ ಪಠ್ಯಪುಸ್ತಕ ನನಗೆ ಗೊತ್ತಿಲ್ಲ.

ಇನ್ನು ಗಂಡುಮಕ್ಕಳ ವಿಷಯ. ಹೊಲಿಗೆ ಹೆಣ್ಣಿನ ಕೆಲಸ ಎನ್ನುತ್ತೇವೆ. ಪೇಟೆಯಲ್ಲಿ 'ಲೇಡೀಸ್ ಟೈಲರ್' ಬೋರ್ಡಿನ ಕೆಳಗೆ ಕೊರಳಿಗೆ ಟೇಪು ಹಾಕಿಕೊಂಡು ನಿಂತಿರುವವರು ಯಾರು? ಹೆಚ್ಚಿನ ಕಡೆ ಗಂಡಸರೇ. ಮನೆಯೊಳಗೆ ಬಿಟ್ಟಿ ಮಾಡುವಾಗ ಹೆಣ್ಣಿನ ಕೆಲಸ, ಗಲ್ಲಾಪೆಟ್ಟಿಗೆ ಇಟ್ಟ ಕೂಡಲೇ ಗಂಡಸಿನ ಕಸುಬು! ಅಡಿಗೆಯ ಕತೆಯೂ ಇದೇ ತಾನೆ? ಶಾಲೆಯಲ್ಲಿ ಹುಡುಗ ಹುಡುಗಿ ಇಬ್ಬರನ್ನೂ ಒಂದೇ ಬೆಂಚಿನಲ್ಲಿ ಕೂರಿಸಿ ಗುಂಡಿ ಹಾಕುವುದರಿಂದ ಶುರುಮಾಡಿಸಲಿ. ಕಿತ್ತುಹೋದ ಗುಂಡಿಗಾಗಿ "ಅಮ್ಮಾ" ಎಂದು ಕೂಗುವ ಇಪ್ಪತ್ತೈದರ ಗಂಡುಗಳನ್ನು ಸಾಕಿದ್ದು ಸಾಕು.

ಕಲಿಸುವುದಾದರೆ ಪೂರ್ತಿ ಕಲಿಸಬೇಕು. ಬೆಂಗಳೂರಿನ ಗಾರ್ಮೆಂಟ್ಸ್‌ಗಳಲ್ಲಿ ದುಡಿಯುವವರಲ್ಲಿ ಹೆಂಗಸರೇ ಹೆಚ್ಚು. ಅಲ್ಲಿ ಒಬ್ಬಳಿಗೆ ದಿನವಿಡೀ ಕಾಲರ್, ಇನ್ನೊಬ್ಬಳಿಗೆ ದಿನವಿಡೀ ತೋಳು; ಗಂಟೆಗಿಷ್ಟು ಎಂಬ ಲೆಕ್ಕ. ವರ್ಷಗಟ್ಟಲೆ ಹೊಲಿದರೂ ಒಂದು ಇಡೀ ಅಂಗಿ ಹೊಲಿಯಲು ಬಾರದೆ ಉಳಿದವರಿದ್ದಾರೆ. 2016ರ ಏಪ್ರಿಲ್‌ನಲ್ಲಿ, ಭವಿಷ್ಯನಿಧಿಯಲ್ಲಿನ ಮಾಲೀಕರ ಪಾಲಿನ ಹಣವನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ನಿಯಮ ಬಂದಾಗ, ಈ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದರು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು. ತಮ್ಮ ದುಡ್ಡಿನ ಲೆಕ್ಕ ಬಲ್ಲವರ ಶಕ್ತಿ ಅದು. ಅಂಥ ಕೈಗಳಿಗೆ ಇಡೀ ಬಟ್ಟೆಯ ವಿದ್ಯೆಯೂ ಇದ್ದಿದ್ದರೆ ಒಂದೇ ಬಾಗಿಲಿಗೆ ಕಾದು ನಿಲ್ಲಬೇಕಾಗಿರಲಿಲ್ಲ.

ಲೆಕ್ಕದ ಮಾತು ಬಂತು. ಹೊಲಿಗೆ ಕ್ಲಾಸುಗಳಲ್ಲಿ ಕಲಿಸದೆ ಬಿಡುವ ಪಾಠ ಅದೇ. ಅಸ್ತರಿನ ಬ್ಲೌಸ್ ಒಂದಕ್ಕೆ ಕತ್ತರಿಸುವುದರಿಂದ ಹುಕ್ಕು ಹಾಕುವವರೆಗೆ 4 ಗಂಟೆ ಬೇಕೆಂದು ಇಟ್ಟುಕೊಳ್ಳಿ. ಗಂಟೆಗೆ 75 ರೂಪಾಯಿಯಾದರೆ ಕೂಲಿ 300. ಅಸ್ತರು, ದಾರ, ಹುಕ್ಕು, ಕರೆಂಟಿಗೆ 80. ಒಟ್ಟು 380. ನಾವು ಹೋಗಿ "ಪಕ್ಕದ ಮನೆಯವಳೇ ಅಲ್ಲವೇನಮ್ಮ" ಎಂದು 150 ಕೈಗಿಟ್ಟು ಬರುತ್ತೇವೆ. ಉಳಿದ 230 ರೂಪಾಯಿಯನ್ನು ಆ ಹುಡುಗಿಯೇ ನಮಗೆ ದಾನ ಮಾಡಿದಳು! ಅಂಗಡಿಯ ಬೋರ್ಡಿನ ಮುಂದೆ ಬಾಯಿ ಮುಚ್ಚಿಕೊಂಡು ಕೊಡುವ ನಾವು ಹುಡುಗಿಯ ಮುಂದೆ ಮಾತ್ರ ಚೌಕಾಸಿ ಮಾಡುತ್ತೇವೆ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಸೂಜಿ ಚುಚ್ಚಿಸಿಕೊಂಡ ಕೈ ಒಬ್ಬಳದು, ಮೊಸರು ತಿಂದ ಬಾಯಿ ಇನ್ನೊಬ್ಬರದು.

ಸರ್ಕಾರಗಳು ಸುಮ್ಮನಿಲ್ಲ. 2023ರ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಯದೂ ಒಂದು. ಸಲಕರಣೆಗೆಂದು 15,000 ರೂಪಾಯಿಯವರೆಗೆ ನೆರವುಂಟು. ಆದರೆ ಅದು 18 ತುಂಬಿದ, ಕಸುಬು ಮೊದಲೇ ಬಲ್ಲವರಿಗೆ. ಕಲಿಯುವ ವಯಸ್ಸು ಅದಕ್ಕೆ ಮುಂಚಿನದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಪುಸ್ತಕ 6ರಿಂದ 8ನೇ ತರಗತಿಯ ನಡುವೆ ಕಸುಬು ಕಲಿಯಲು ಚೀಲವಿಲ್ಲದ 10 ದಿನಗಳನ್ನು ಹೇಳುತ್ತದೆ. ಹತ್ತು ದಿನ! ಒಂದು ಕಾಜ ನೆಟ್ಟಗೆ ಬರುವುದಕ್ಕೂ ಸಾಲದು. ಕಲಿಸದೆ ಕೊಟ್ಟ ಯಂತ್ರದ ಗತಿ ಏನಾಗುತ್ತದೆಂದು ನಮಗೆಲ್ಲ ಗೊತ್ತು. ಅದರ ಮೇಲೆ ಟಿವಿ ಕೂತಿರುತ್ತದೆ. ಹೈಸ್ಕೂಲಿನ ಮೂರು ವರ್ಷ, ವಾರಕ್ಕೆರಡು ಪೀರಿಯಡ್ಡು, ಗಣಿತದಷ್ಟೇ ಮರ್ಯಾದೆಯ ಒಬ್ಬ ಹೊಲಿಗೆ ಟೀಚರು ಸಿಗಲಿ. ಅಳತೆ, ಕತ್ತರಿ, ಹೊಲಿಗೆ, ಹರಿದದ್ದನ್ನು ಸರಿಮಾಡುವುದು, ಕೊನೆಗೆ ಬಿಲ್ಲು ಬರೆಯುವುದು — ಪಾಠಪಟ್ಟಿ ಇಷ್ಟೇ. ಆಮೇಲೆ ಯಾರಿಗೆ ಡಿಸೈನರ್ ಆಗುವ ಆಸೆಯೋ ಅವರು ಧಾರಾಳವಾಗಿ ಆಗಲಿ. ಅವರು ಬರೆದ ತೋಳು ಭುಜದ ಮೇಲೆ ಕೂರುತ್ತದೆ.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು ಎರಡು ಕೆಲಸ. ಹೊಲಿದ ಹುಡುಗಿ ಹೇಳಿದ ಕೂಲಿಯನ್ನು ಗೊಣಗದೆ ಕೊಡುವುದು ಒಂದು. ಈ ರಜೆಯಲ್ಲಿ ಮಗಳನ್ನೂ ಮಗನನ್ನೂ ಕರೆದು "ಹೊಲಿಗೆ ಕಲೀರಿ" ಎನ್ನುವುದು ಇನ್ನೊಂದು. 'ಆದರೂ' ಬೇಡ, ತಾಯಿ.